ಪಟಪಟಕ್ಕ ಕೊಡವಿದ ಅಂಗಿ

ಆಕೆಯ ನಿಜವಾದ ಹೆಸರನ್ನು ಬೀದಿ ಮರೆತು ಬಹಳ ಕಾಲವಾಗಿತ್ತು. ಎಲ್ಲರಿಗೂ ಆಕೆ ಪಟಪಟಕ್ಕ. ಸಂಜೆ ಗಂಡ ಕಲ್ನಾರು ಶೀಟಿನ ಕಾರ್ಖಾನೆಯಿಂದ ಬರುತ್ತಲೇ ಅವನ ಅಂಗಿ ಬಿಚ್ಚಿಸಿ, ಹಿಂಬಾಗಿಲಲ್ಲಿ ನಿಂತು ಪಟಪಟ ಕೊಡವುತ್ತಿದ್ದಳು. ಜೊತೆಗೆ ಬಾಯಿಯೂ ಪಟಪಟ. ಹೆಸರು ಯಾವುದರಿಂದ ಬಂತೆಂದು ಕೇಳಿದರೆ, "ಎರಡಕ್ಕೂ ಸೇರಿಸಿ ಒಂದೇ ಇಟ್ಟಿದಾರೆ, ಉಳಿತಾಯ" ಎಂದು ತಾನೇ ನಗುತ್ತಿದ್ದಳು.

ಗಂಡನದು ಛಾವಣಿಯ ಶೀಟು ಕೊಯ್ಯುವ ಕೆಲಸ. ಗರಗಸದಿಂದ ಏಳುವ ಬಿಳಿ ಧೂಳು ಅವನ ಹುಬ್ಬು, ಕಾಲರು, ಜೇಬಿನ ಮೂಲೆಯಲ್ಲೆಲ್ಲ ಕೂತು ಮನೆಗೆ ಬರುತ್ತಿತ್ತು. "ಬಂದ್ರಾ ಮದುಮಗ, ಪೌಡರ್ ಬಳ್ಕೊಂಡು?" ಎನ್ನುತ್ತ ಜೇಬು ಹೊರಗೆಳೆದು ಕೊಡವುವಳು. ಧೂಳು ಗಾಳಿಗೆ ತಿರುಗಿ ಆಕೆಯ ಮುಖಕ್ಕೇ ಬಡಿಯುತ್ತಿತ್ತು. ತನ್ನ ಮದುವೆಯಿಂದ ಮಗಳ ಮದುವೆಯವರೆಗೂ ಇದೇ.

ಆಮೇಲೆ ಆಕೆಗೆ ಕೆಮ್ಮು ಹಿಡಿಯಿತು. ಮೊದಲು ಬಿಂದಿಗೆ ಎತ್ತಿದರೆ ಏದುಸಿರು, ಕಡೆಗೆ ಮಾತಾಡಿದರೂ ಏದುಸಿರು. ಮಾತು ತುಂಡುತುಂಡಾಗಿ ಬರತೊಡಗಿದಾಗ ಮಗಳು ಆಸ್ಪತ್ರೆಗೆ ಕರೆದೊಯ್ದಳು.

"ಏನು ಕೆಲಸ ಮಾಡ್ತೀರಮ್ಮ?" ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲ. ಮನೇಲೇ... ಇರ್ತೀನಿ."

ಎಕ್ಸ್‌ರೇ ಬೇರೆಯೇ ಹೇಳುತ್ತಿತ್ತು. ಗಂಡ ದುಡಿಯುವುದೆಲ್ಲಿ ಎಂದು ವಿಚಾರಿಸಿಕೊಂಡ ಡಾಕ್ಟರಮ್ಮ ಮತ್ತೆ ಕೇಳಿದರು, "ಅವರ ಬಟ್ಟೆ ಒಗೆಯೋದು ಯಾರು?"

"ನಾನೇ... ಕೊಡವಿ ಒಗೀತೀನಿ" ಎಂದಳು ಪಟಪಟಕ್ಕ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಲ್ಲಿನ ನಾರು. ಕಣ್ಣಿಗೆ ಕಾಣದಷ್ಟು ಸಣ್ಣದು ಪುಪ್ಪುಸಕ್ಕೆ ಚುಚ್ಚಿಕೊಂಡು ಕೂತಿದೆ, ಇನ್ನು ಹೊರಗೆ ಬರುವುದಿಲ್ಲ, ಉಸಿರು ಇನ್ನೂ ಕುಗ್ಗುತ್ತದೆ ಎಂದರು ಡಾಕ್ಟರಮ್ಮ.

ಹೊರಗೆ ಬಂದವಳೇ ಮಗಳ ಕೈ ಹಿಡಿದಳು. "ನಿಮ್ಮಪ್ಪಂಗೆ... ಹೇಳ್ಬೇಡ. ಪಾಪ, ಅಂಗಿ ಹಾಕ್ಕೊಳ್ಳೋದೇ... ಬಿಟ್ಬಿಡ್ತಾರೆ."

ಮಗಳು ಅಪ್ಪನಿಗೆ ಹೇಳಲಿಲ್ಲ. ನೇರ ಕಾರ್ಖಾನೆಗೇ ಹೋದಳು. ಮ್ಯಾನೇಜರು ಕುರ್ಚಿಯಿಂದ ಏಳಲಿಲ್ಲ. "ನಿಮ್ಮ ತಾಯಿ ನಮ್ಮ ಕೆಲಸದವರಲ್ಲವಲ್ಲಮ್ಮ."

ಅಲ್ಲವೇ? ನಿಮ್ಮ ಧೂಳನ್ನು ಜೀವಮಾನವಿಡೀ ಒಗೆದವಳು ಮತ್ಯಾರ ಕೆಲಸದವಳು, ಸ್ವಾಮಿ? ಊರಿಗೆಲ್ಲ ಸೂರು ಹೊದಿಸುವ ನಿಮಗೆ, ದುಡಿದವರು ಬಟ್ಟೆ ಬದಲಿಸಿ ಮೈ ತೊಳೆಯಲು ನಾಲ್ಕು ಶೀಟು ಹೊದಿಸಿದ ಒಂದು ಕೋಣೆ ಕಟ್ಟಿಸಲಾಗಲಿಲ್ಲ. ಕೆಮ್ಮು ಕೂಲಿಯವನದಾದರೆ ಅವನ ಬೀಡಿಯದು ತಪ್ಪು ಎನ್ನುತ್ತೀರಿ. ಬೀಡಿ ಸೇದದ ಹೆಂಗಸಿನ ಕೆಮ್ಮಿಗೆ ಆಕೆ ನಮ್ಮವಳೇ ಅಲ್ಲ ಎನ್ನುತ್ತೀರಿ. ನಾಚಿಕೆ ಎನ್ನುವುದನ್ನೂ ಗೇಟಿನ ಹೊರಗೇ ಬಿಟ್ಟು ಬರುತ್ತೀರಾ?

ಮಗಳ ಈ ಕೂಗಾಟ ಗರಗಸದವರೆಗೂ ಕೇಳಿಸಿತು.

ಅಂದು ಸಂಜೆ ಗಂಡ ತಡವಾಗಿ ಬಂದ. ಹಿಂಬಾಗಿಲ ಹೊರಗೇ ನಿಂತ. ಮೈಮೇಲಿನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದೇನ್ರೀ... ಮಳೇನೂ ಇಲ್ಲ..." ಎಂದಳು.

"ಗೇಟಿನ ನಲ್ಲೀಲಿ ಒಗ್ಕೊಂಡೆ."

ಆಕೆ ಅವನನ್ನೇ ನೋಡಿದಳು. "ಕಾಲರ್... ಉಜ್ಜೇ ಇಲ್ಲ."

"ನಾಳೆ ಉಜ್ತೀನಿ ಬಿಡು."

"ಕೊಡಿ ಇಲ್ಲಿ..." ಎಂದು ಗೋಡೆ ಹಿಡಿದು ಎದ್ದು ಬಂದು, ಎಂದಿನಂತೆ ಅಂಗಿಗೆ ಕೈ ಚಾಚಿದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ.