ವಾಸನೆಯಿಲ್ಲದ ಗ್ಯಾಸು

ಮಕ್ಕಳೇ, ಅಟ್ಟ ಹತ್ತಿದರೆ ಈ ಅಜ್ಜಿ ಏಕೆ ಗದರುತ್ತಾಳೆ ಎಂದು ಕೇಳುತ್ತೀರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು, ನಿಮ್ಮ ಅತ್ತೆ, ರಸಾಯನಶಾಸ್ತ್ರ ಓದುತ್ತಿದ್ದಾಗ, ಸಗಣಿ ಗ್ಯಾಸನ್ನು ಬೇರೊಂದು ಗ್ಯಾಸಾಗಿ ಮಾಡುವ ಸಣ್ಣ ಯಂತ್ರವನ್ನು ನಮ್ಮ ಕೊಬ್ಬರಿ ಅಟ್ಟದ ಪಕ್ಕದ ಚಪ್ಪರದಲ್ಲಿ ಕೂರಿಸಿದ್ದಳು. ಕೆಂಪಗೆ ಕಾಯುವ ಕೊಳವೆ, ಅದರೊಳಗೆ ನಿಕ್ಕಲ್ ಲೇಪಿಸಿದ ಗುಳಿಗೆಗಳು. ಅವನ್ನು ಸೋಕಿದರೆ ಗ್ಯಾಸು ಬದಲಾಗುತ್ತದಂತೆ.

“ಹೆಪ್ಪು ಹಾಕ್ದಂಗಾ?” ಎಂದು ಕೇಳಿದೆ.

“ಹಂಗೇ ಅನ್ಕೊ. ಹೆಪ್ಪು ಮೊಸರಲ್ಲಿ ಸೇರೋಯ್ತದೆ, ನಿಕ್ಕಲ್ ಇದ್ದಂಗೇ ಇರ್ತದೆ ಕಣಮ್ಮ.”

ಸಗಣಿ ಗ್ಯಾಸಿನ ಕೊಳೆತ ನಾತ ನಿಕ್ಕಲನ್ನು ಕೆಡಿಸುತ್ತದಂತೆ. ಅದಕ್ಕೇ ಗ್ಯಾಸನ್ನು ಮೊದಲು ತುಕ್ಕು ಕಬ್ಬಿಣದ ಪುಡಿಯೊಳಗೆ ಹಾಯಿಸಿ ನಾತ ತೆಗೆಯುತ್ತಿದ್ದಳು. ಕೊನೆಗೆ ಬರುವ ಗ್ಯಾಸಿಗೆ ವಾಸನೆಯೇ ಇಲ್ಲ. ಅದನ್ನು ಬಯಲಲ್ಲಿ ಒಲೆ ಇಟ್ಟು ಉರಿಸುತ್ತಿದ್ದಳು.

“ಹತ್ರ ಹೋಗ್ಬ್ಯಾಡಪ್ಪ, ಉರೀದಿದ್ರೆ ಅದು ವಿಷ” ಎಂದು ತಂದೆಗೆ ಹೇಳಿದಳು.

ನಿಮ್ಮ ತಾತ ನಕ್ಕರು. “ನಾರೋ ಗ್ಯಾಸೇ ಇಷ್ಟು ವರ್ಷ ಯಾರನ್ನೂ ಕೊಲ್ನಿಲ್ಲ. ನಾರದೇ ಇರೋದು ಕೊಲ್ತದಾ? ಬುಡೇ!”

ಆಗ ಜಡಿಮಳೆ. ಅಂಥ ದಿನಗಳಲ್ಲಿ ಅಟ್ಟದ ಕೆಳಗೆ ತೆಂಗಿನ ಮಟ್ಟೆ ಹೊತ್ತಿಸಿ ಬೆಚ್ಚಗಿಡದಿದ್ದರೆ ಕಾಯಿ ಒಳಗೇ ಕೊಳೆಯುತ್ತದೆ. ಆದರೆ ಮಟ್ಟೆಯ ಹೊಗೆಗೆ ತಾತನಿಗೆ ಕೆಮ್ಮು. ಒಂದು ಮಧ್ಯಾಹ್ನ ಮಗಳು ಉಣ್ಣಲು ಒಳಗೆ ಬಂದಾಗ, ಅವರು ಆ ಒಲೆಯನ್ನು ಪೈಪಿನ ಸಮೇತ ಅಟ್ಟದ ಕೆಳಕ್ಕೆ ಎಳೆದುಕೊಂಡರು. ಹೊಗೆಯಿಲ್ಲದ ಶಾಖ ಸಿಕ್ಕಿತು ಎಂದುಕೊಂಡಿರಬೇಕು. ಆ ಉರಿ ಹಗಲಿನಲ್ಲಿ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಗಾಳಿಗೆ ಅದು ಆರಿದ್ದು, ಉರಿಯದ ಗ್ಯಾಸು ಅಟ್ಟಕ್ಕೆ ಏರುತ್ತಿದ್ದದ್ದು ಅವರಿಗೆ ತಿಳಿಯಲಿಲ್ಲ. ಮೇಲೆ ಹತ್ತಿ, ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಕೂತಿದ್ದಾರೆ.

ಊಟಕ್ಕೆ ಕರೆದೆ. ಓಗೊಡಲಿಲ್ಲ. ಮಗಳು ಬಯಲಲ್ಲಿ ಒಲೆ ಇಲ್ಲದ್ದನ್ನು ನೋಡಿ ಕಿರುಚಿದಳು. ಗ್ಯಾಸು ನಿಲ್ಲಿಸಿ, ಸೆರಗು ಹಿಡಿದು ತಡೆದ ನನ್ನನ್ನು ತಳ್ಳಿ, ಉಸಿರು ಬಿಗಿಹಿಡಿದು ಹತ್ತಿದಳು. ಪಕ್ಕದ ತೋಟದವರೂ ಬಂದು ತಾತನನ್ನು ಕೆಳಗಿಳಿಸಿದರು. ಮುಖ ಕೆಂಪಗಿತ್ತು, ಬಿಸಿಲಲ್ಲಿ ನಡೆದು ಬಂದವರ ಹಾಗೆ. ಉಸಿರಿರಲಿಲ್ಲ. ಕೈಯಲ್ಲಿದ್ದ ಕಾಯನ್ನು ಬಿಡಿಸಿಕೊಂಡೆ. ಅದರಲ್ಲಿ ಇನ್ನೂ ನೀರಿತ್ತು.

ಯಂತ್ರವನ್ನು ಕಾಲೇಜಿನವರು ಒಯ್ದರು. ನಿಮ್ಮ ಅತ್ತೆ ಓದು ಮುಗಿಸಿದಳು, ಈಗಲೂ ಅದೇ ಕೆಲಸ. ಊರಿಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅಟ್ಟದ ಕಿಟಕಿ ತೆರೆದಿದೆಯೇ ಎಂದು ನೋಡಿ ಬರುತ್ತಾಳೆ. ನಾನು ತೆರೆದೇ ಇಟ್ಟಿರುತ್ತೇನೆ. ಅವಳನ್ನು ಏನೂ ಕೇಳಬೇಡಿ, ಮಕ್ಕಳೇ.