ಖಂಡೆ ಪೂಜೆಗೆ ಕುಳಿತ ಅಂಗೈ ಎಂಜಿನ್

ನಮ್ಮ ಗ್ಯಾರೇಜು ಅಕ್ಕಿಆಲೂರಿನಲ್ಲಿ, ಹಾನಗಲ್ ರಸ್ತೆಗೆ ಮುಖ ಮಾಡಿ ನಿಂತಿದೆ. ಮನೆ ಅದರ ಬೆನ್ನಿಗೇ. ಒಳಗೆ ಮೂಲೆಯಲ್ಲಿ, ಕಟ್ಟಿಗೆಯ ಮಣೆಯ ಮೇಲೆ ಒಂದು ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಕುಳಿತಿದೆ. ಮಾವನವರು ಮೊದಲ ಸಲ ಬಿಚ್ಚಿ ಜೋಡಿಸಿದ್ದು ಅದನ್ನೇ. ಕಾರು ಎಂದೋ ಗುಜರಿಗೆ ಹೋಯಿತು, ಎಂಜಿನ್ ಉಳಿಯಿತು.

ಹೋದ ವರ್ಷ ಮಧ್ಯಾಹ್ನದ ಹೊತ್ತುಗಳಲ್ಲಿ, ಪಾತ್ರೆ ತೊಳೆದಿಟ್ಟ ಮೇಲೆ, ನಾನು ಟೇಬಲ್ ಫ್ಯಾನ್ ಬಂದಿದ್ದ ರಟ್ಟಿನ ಡಬ್ಬಿಯಲ್ಲಿ ನಮ್ಮ ಗ್ಯಾರೇಜನ್ನೇ ಸಣ್ಣದಾಗಿ ಕಟ್ಟತೊಡಗಿದೆ. ಬಿಸ್ಕತ್ತಿನ ಡಬ್ಬಿಯ ತಗಡು ಚಾವಣಿಯಾಯಿತು. ಅಕ್ಕಿ ಗಿರಣಿಯಿಂದ ತಂದ ಹೊಟ್ಟಿನ ಬೂದಿಯನ್ನು ಜರಡಿ ಹಿಡಿದು, ಗೋಂದಿನ ಮೇಲೆ ಉದುರಿಸಿದಾಗ ಎಣ್ಣೆ ಕುಡಿದ ನೆಲವೇ ಕಣ್ಣೆದುರು ಬಂತು. ಉಳಿದದ್ದು ಎಂಜಿನ್. ನಿಜದ ಹತ್ತು ಅಂಗುಲಕ್ಕೆ ನನ್ನ ಒಂದು ಅಂಗುಲ. ಹೊಲಿಗೆಯ ಟೇಪು ಹಿಡಿದು ಅಳೆಯುವುದನ್ನು ಕಂಡು ಯಜಮಾನರು ನಕ್ಕರು.

"ಎಂಜಿನ್ ಬಿಚ್ಚಿ ಬಿಚ್ಚಿ ನನಗ ಸಾಕಾಗೇತಿ. ನೀ ಮನ್ಯಾಗ ಇನ್ನೊಂದು ಜೋಡ್ಸಾಕತ್ತಿ!"

ಅತ್ತೆಯವರು ಒಳಗಿನಿಂದಲೇ ಕೇಳಿದರು: "ಅದಕ್ಕ ಎಣ್ಣಿ ಹಾಕ್ತೀಯೋ, ಒಗ್ಗರಣಿ ಹಾಕ್ತೀಯೋ?"

ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಪದರ ಪದರವಾಗಿ ಅಂಟಿಸಿ ಎಂಜಿನ್ನಿನ ಒಡಲು ಮಾಡಿದೆ. ಗುಳಿಗೆ ಪಾಕೀಟಿನ ಬೆಳ್ಳಿ ಹಾಳೆಯಿಂದ ಫ್ಯಾನು, ಜಡೆಯ ರಬ್ಬರಿನಿಂದ ಬೆಲ್ಟು. ನಾಲ್ಕು ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಬ್ಲೌಸಿನ ಟಿಚ್ ಬಟನ್. ಸುಟ್ಟ ಮೋಟರಿನಿಂದ ಬಿಚ್ಚಿದ ತಾಮ್ರದ ಎಳೆಗಳೇ ಪ್ಲಗ್ಗಿನ ತಂತಿ.

ನಿಜದ ಎಂಜಿನ್ನಿನಲ್ಲಿ ಆ ತಂತಿಗಳು ಒಂದನ್ನೊಂದು ಅಡ್ಡಾದಿಡ್ಡಿಯಾಗಿ ದಾಟಿದ್ದವು. ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯನ್ನು ಮೊದಲು ತಿರುವಿ ಹಿಂಬದಿ ನೋಡುವರು. ದಾರ ದಾರವನ್ನು ದಾಟಿದ್ದರೆ ಬಿಚ್ಚಿಸುವರು. ಅಲ್ಲಿ ಪಳಗಿದ ಕೈ ನನ್ನದು. ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು ಎಂದು ಬಾಚಿದ ಕೂದಲಿನಂತೆ ಒಪ್ಪವಾಗಿ ಕೂರಿಸಿದೆ. ನಿಜದ್ದಕ್ಕಿಂತ ನನ್ನದೇ ಚೆಂದ ಅನ್ನಿಸಿತು.

ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ನವರಾತ್ರಿ ಬಂತು. ಖಂಡೆ ಪೂಜೆ ಎಂದರೆ ನಮ್ಮ ಕಡೆಯ ಆಯುಧ ಪೂಜೆ; ಆ ದಿನ ಗ್ಯಾರೇಜಿನ ನಟ್ಟು ಬಿಚ್ಚುವ ಪಾನಾ, ಜಾಕು, ಇಕ್ಕಳ ಎಲ್ಲ ತೊಳೆದು ಸಾಲಾಗಿ ಇಡುತ್ತಾರೆ. ಮದುವೆಯಾಗಿ ಬಂದಂದಿನಿಂದ ನಾನು ಆರತಿ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಂತವಳು. ನನ್ನದೆನ್ನುವ ಏನೂ ಆ ಸಾಲಿನಲ್ಲಿ ಇರಲಿಲ್ಲ. ಈ ಸಲ ನನ್ನ ಎಂಜಿನ್ ಅಲ್ಲಿ ಕೂರಬೇಕೆಂದು ಆಸೆಯಾಗಿತ್ತು. ಬಾಯಿ ಬಿಟ್ಟು ಹೇಳಲು ಸಂಕೋಚ.

ಬೆಳಿಗ್ಗೆ ಮಾವನವರೇ ಕರೆದರು. "ನಿನ್ನ ಹತ್ಯಾರನೂ ತಂದಿಡವಾ. ಕತ್ರಿ, ಚಿಮಟ, ಸೂಜಿ, ಎಲ್ಲಾ."

ಓಡಿಹೋಗಿ ತಂದಿಟ್ಟೆ. ವಿಭೂತಿ ಹಚ್ಚಿಸಿಕೊಂಡು ನನ್ನ ಚಿಮಟ ಜಾಕಿನ ಮಗ್ಗುಲಲ್ಲಿ ಮಲಗಿತು. ಆಮೇಲೆ ಧೈರ್ಯ ಮಾಡಿ ಎಂಜಿನ್ನನ್ನೂ ತಂದು ಅವರ ಅಂಗೈಗೆ ಕೊಟ್ಟೆ.

ಅವರದೊಂದು ಕಟ್ಟುನಿಟ್ಟು ಇದೆ. ಕೆಟ್ಟ ವಸ್ತು ಪೂಜೆಗೆ ಕೂರಬಾರದು. ಹಲ್ಲು ಸವೆದ ಪಾನಾ ಇದ್ದರೂ ಎತ್ತಿ ಆಚೆ ಇಡುತ್ತಾರೆ. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಕಿರುಬೆರಳಿನ ಉಗುರಿನಿಂದ ತಂತಿ ಎಣಿಸಿದರು. ಎರಡನೆಯ ಸಲವೂ ಎಣಿಸಿದರು.

"ಕೆಲಸ ಭಾಳ ನಾಜೂಕ ಆಗೇತಿ. ಆದ್ರ ಇದು ಸ್ಟಾರ್ಟ್ ಆಗೂದಿಲ್ಲ ನೋಡವಾ."

"ಕಾಗದದ್ದು ಹೆಂಗ ಸ್ಟಾರ್ಟ್ ಆದೀತ್ರಿ, ಅಪ್ಪಾ!" ಎಂದರು ಯಜಮಾನರು.

"ನೀ ಸುಮ್ನಿರು. ಒಂದನೇ ಪ್ಲಗ್ಗು ಕಿಡಿ ಹೊಡದ ಮ್ಯಾಲ ಮೂರನೇದು ಹೊಡೀಬೇಕು, ಆಮ್ಯಾಲ ನಾಕು, ಕಡೀಕ ಎರಡು. ಇದಕ್ಕ ಫೈರಿಂಗ್ ಆರ್ಡರ್ ಅಂತಾರ. ಇಕಿ ಪ್ರಾರ್ಥನಾಕ್ಕ ನಿಂತ ಸಾಲಿ ಹುಡುಗೂರಂಗ ಒಂದು ಎರಡು ಮೂರು ನಾಕು ಹಚ್ಚ್ಯಾಳ."

ಆ ಅಡ್ಡಾದಿಡ್ಡಿಗೆ ಒಂದು ಲೆಕ್ಕವಿತ್ತು. ನಾನು ಅದನ್ನು ಅಳಿಸಿ ಚೆಂದ ಮಾಡಿದ್ದೆ.

"ನಾಳಿಗೆ ಮಾಡಿದ್ರಾತು, ಇಟ್ಟುಬಿಡ್ರಿ. ಯಾರ ನೋಡ್ತಾರ?" ಎಂದರು ಯಜಮಾನರು.

"ನಾ ನೋಡೀನಲ್ಲ," ಎಂದು ಮಾವನವರು ಎಂಜಿನ್ನನ್ನು ನನಗೇ ಮರಳಿಸಿದರು. "ಮಾಡ್ಕೊಂಡ ಬಾರವಾ. ನಿಲ್ತೇವಿ."

ಆದರೆ ಪೂಜೆಗಿಟ್ಟ ಹತ್ಯಾರವನ್ನು ಮರುದಿನದವರೆಗೆ ಯಾರೂ ಎತ್ತುವಂತಿಲ್ಲ. ನನ್ನ ಕತ್ತರಿ, ಚಿಮಟ ಕಣ್ಣೆದುರೇ ಇದ್ದವು, ಮುಟ್ಟುವ ಹಾಗಿರಲಿಲ್ಲ. ಹೊಸ್ತಿಲ ಮೇಲೆ ಕುಳಿತೆ. ಒಂದನೆಯದನ್ನು ಬಿಟ್ಟು ಮೂರು ತಂತಿಗಳನ್ನು ಉಗುರಿನಿಂದಲೇ ಕಿತ್ತೆ. ಎರಡನೆಯದು ಹೊಸ ಜಾಗಕ್ಕೆ ಎಟುಕಲಿಲ್ಲ. ಬೇರೆ ಎಳೆ ತಂದು, ಕತ್ತರಿಯಿಲ್ಲದೆ ಅತ್ತ ಇತ್ತ ಬಾಗಿಸಿ ಬಾಗಿಸಿ ಬೇಕಾದ ಉದ್ದಕ್ಕೆ ಮುರಿದೆ, ಉಳಿದವುಗಳಂತೆ ಕಾಡಿಗೆ ಸವರಿ ಕಪ್ಪು ಮಾಡಿದೆ. ಸೂಜಿಗೆ ದಾರ ಪೋಣಿಸುವ ಹಾಗೆ ಕಣ್ಣು ಕಿರಿದು ಮಾಡಿ ತೂತಿಗೆ ಇಳಿಸಿದೆ.

ಅತ್ತೆಯವರು ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. "ಕಾಯಿ ಒಡಿಯೂದ ಬಿಟ್ಟು ರಿಪೇರಿ ಹಚ್ಚ್ಯಾರ ನೋಡ್ರಿ ಮಾವ ಸೊಸಿ! ಬತ್ತಿ ಸುಟ್ಟು ಹೋಗಾಕತ್ತೇತಿ." ಅನ್ನುತ್ತಲೇ ನನಗೆ ಬೆಳಕು ಬೀಳಲೆಂದು ಪಕ್ಕಕ್ಕೆ ಸರಿದು ನಿಂತರು.

ಈಗ ತಂತಿಗಳು ಒಂದನ್ನೊಂದು ದಾಟಿ ಹೋಗಿದ್ದವು. ಮೊದಲಿನಷ್ಟು ಒಪ್ಪವಿರಲಿಲ್ಲ. ಮಾವನವರು ಮತ್ತೆ ಎಣಿಸಿದರು. ಒಂದು, ಮೂರು, ನಾಕು, ಎರಡು.

"ಹೂಂ. ಈಗ ಹೊಡಿತೈತಿ."

ಜಾಕಿನ ಪಕ್ಕ ಇಟ್ಟರು. ಕುಂಕುಮ ಹಚ್ಚಲು ಹೋದರೆ ಅವರ ಹೆಬ್ಬೆರಳೇ ಎಂಜಿನ್ನಿನ ಅರ್ಧ. ಕಡ್ಡಿಪೆಟ್ಟಿಗೆಯ ಕಡ್ಡಿಯೊಂದನ್ನು ಎಳೆದು, ಅದರ ಹಿಂದುಗಡೆಯಿಂದ ಸಾಸಿವೆಯಷ್ಟು ಕುಂಕುಮ ಇಟ್ಟರು. ನಾನು ಬಾಗಿಲಿನಿಂದ ಒಳಗೆ ಬಂದು ಯಜಮಾನರ ಪಕ್ಕ ನಿಂತು ಕೈ ಮುಗಿದೆ.

ಈಗ ಡಬ್ಬಿಯ ಗ್ಯಾರೇಜು ನಿಜದ ಗ್ಯಾರೇಜಿನ ಗಾಜಿನ ಕಪಾಟಿನಲ್ಲಿದೆ. ಗಿರಾಕಿಗಳಿಗೆ ಚಹಾ ಒಯ್ದಾಗ ಯಜಮಾನರ ಮಾತು ಕಿವಿಗೆ ಬೀಳುತ್ತದೆ. "ನಮ್ಮ ಮನ್ಯಾಕಿ ಮಾಡಿದ್ದ್ರಿ. ನೋಡ್ರಿ, ಆದ್ರ ಮುಟ್ಟಬ್ಯಾಡ್ರಿ, ಫೈರಿಂಗ್ ಆರ್ಡರ್ ಕೆಡತೈತಿ."

ನಾನು ಕೇಳಿಸದವಳಂತೆ ಚಹಾದ ಕಪ್ಪು ಇಟ್ಟು ಬರುತ್ತೇನೆ, ತುಸು ನಿಧಾನವಾಗಿ.