ಕರಡಿಗೆ ಮನೆ ನೋಡಿದ ಪುಟ್ಟತಾಯಮ್ಮ

ಕಂದಾಯದ ಜಮಾಬಂದಿಗೆಂದು ಕಟ್ಟಾಯ ಗ್ರಾಮಕ್ಕೆ ಬಂದ ಅಮಲ್ದಾರರು ಚಾವಡಿಯ ಜಗಲಿ ಹತ್ತಿ, ಬಿಸಿಲಿಗೆ ಬೆಂದ ಕೋಟನ್ನು ಕಳಚಲು ಎಂದಿನಂತೆ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ ನಿಂತರು. ಕೋಟು ಎಳೆಯುವುದು ಡಫೇದಾರನ ಕೆಲಸ. ಡಫೇದಾರ ಎಳನೀರು ಹುಡುಕಿಕೊಂಡು ಹೋಗಿದ್ದ. ಆದರೂ ಹಿಂದಿನಿಂದ ಎರಡು ಕೈ ಬಂದು ಕೋಟಿನ ತೋಳು ಹಿಡಿದವು.

"ನಿಧಾನ ಕಣಯ್ಯ. ಉಗುರು ಕತ್ತರಿಸಿಕೊಳ್ಳಬಾರದೇ?" ಎಂದರು ಅಮಲ್ದಾರರು.

ಕೈಗಳು ಕೋಟನ್ನು ಬಿಡಿಸಿದವು. ಜೇಬಿನೊಳಗಿದ್ದ ಕೊಬ್ಬರಿ ಮಿಠಾಯಿಯನ್ನು ಹುಡುಕಿ ತೆಗೆದವು. ಆಮೇಲೆ ತಲೆಯ ರುಮಾಲಿಗೆ ಬಂದವು. ಕೆಳಗೆ ನಿಂತಿದ್ದ ರೈತರು ಸದ್ದಿಲ್ಲದೆ ಹಿಂದೆ ಸರಿಯುವುದನ್ನು ಕಂಡು ಅಮಲ್ದಾರರು ತಿರುಗಿದರು. ಅವರ ಕೋಟು ಹಿಡಿದುಕೊಂಡು, ಮಿಠಾಯಿ ಚಪ್ಪರಿಸುತ್ತ, ಒಂದು ಕರಡಿ ನಿಂತಿತ್ತು.

ಹೆಣ್ಣು ಕರಡಿ. ಹೆಸರು ಚೆಂದುಳ್ಳಿ. ಸಾಕಿದವಳು ಪುಟ್ಟತಾಯಮ್ಮ. ಅವಳು ಗುಂಪಿನ ನಡುವಿನಿಂದ ಓಡಿ ಬಂದು ಗದರಿದ್ದು ಮಾತ್ರ ಸರ್ಕಾರವನ್ನು: "ಅಲ್ಲಾಡ್ಬ್ಯಾಡಿ ಸಾಮಿ! ಮಗ ಬೆದರ್ಕತ್ತದೆ!" ಓಡುವ ಭರದಲ್ಲಿ ಮೆಟ್ಟಿಲು ಎಡವಿ, ಬಿದ್ದಿದ್ದ ರುಮಾಲಿನ ಮೇಲೆ ಕುಳಿತೂಬಿಟ್ಟಳು. ಅವಳನ್ನು ಎಬ್ಬಿಸುವಷ್ಟರಲ್ಲಿ ಜರಿ ರುಮಾಲು ಹೋಳಿಗೆಯಾಗಿತ್ತು.

ಆಜ್ಞೆ ಅಲ್ಲೇ ಆಯಿತು. ಬರುವ ಅಮಾವಾಸ್ಯೆಯೊಳಗೆ ಕರಡಿ ಯಾವುದಾದರೂ ಮೃಗಾಲಯ ಸೇರಬೇಕು. ಇಲ್ಲದಿದ್ದರೆ ಬಂದೂಕಿನವನು ಬರುತ್ತಾನೆ.

ಪುಟ್ಟತಾಯಮ್ಮನಿಗೆ ಅಂಜಿಕೆಯಾಯಿತು. ಇದು ಊರಿಗೆ ಹೊಸ ಸುದ್ದಿ. ಅಲ್ಲಿಯತನಕ ಊರೇ ಅವಳಿಗೆ ಅಂಜುತ್ತಿತ್ತು.

ಅವಳ ಕಸುಬು ಹೊಲದ ಕೆಲಸ, ಖ್ಯಾತಿ ಮನೆ ನೋಡುವುದರಲ್ಲಿ. ಸುತ್ತಿನ ಊರುಗಳಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೊರಟರೆ ಪುಟ್ಟತಾಯಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದರು. ಅವಳು ಗಂಡಿನ ಮುಖ ನೋಡುತ್ತಿರಲಿಲ್ಲ. ಒಲೆ ನೋಡುತ್ತಿದ್ದಳು, ಹಿತ್ತಿಲು ನೋಡುತ್ತಿದ್ದಳು, ಅರಕಲಗೂಡಿನ ಒಂದು ಮನೆಯನ್ನು ಹಂಡೆಯ ತಳ ನೋಡಿಯೇ ಬೇಡವೆಂದಿದ್ದಳು. ಒಪ್ಪಿದರೆ ಗಂಡಿನ ಮನೆಯಲ್ಲಿ ಊಟ; ಒಪ್ಪದಿದ್ದರೆ ಹಾಕಿದ ಎಲೆ ಬಿಟ್ಟು ಏಳುವುದು. ಅದು ಕ್ರಮ. ಪುಟ್ಟತಾಯಮ್ಮ ಉಂಡ ಮನೆಗಳಿಗಿಂತ ಎದ್ದ ಮನೆಗಳೇ ಹೆಚ್ಚು. ಜೊತೆಗೆ ಹೋಗುತ್ತಿದ್ದ ಮೈದುನ ಕೆಂಚಯ್ಯ ಈ ಕ್ರಮದಿಂದಲೇ ಬಡಕಲಾದನೆಂದು ಊರಿನವರು ಹೇಳುತ್ತಿದ್ದರು.

ಅವಳ ಮದುವೆಗೆ ಮಾತ್ರ ಯಾರೂ ಸರಿಯಾಗಿ ಮನೆ ನೋಡಿರಲಿಲ್ಲ. ಕೊಟ್ಟಿಗೆಯ ತುಂಬ ಎತ್ತು, ಅಟ್ಟದ ತುಂಬ ಕಂಚು ಎಂದು ಅವಳಪ್ಪ ಉಂಡೆದ್ದು ಬಂದಿದ್ದ. ಮದುವೆಯ ಮಾರನೆಯ ದಿನ ಎತ್ತುಗಳು ಅವುಗಳ ಮನೆಗೆ ಹೋದವು, ಕಂಚು ಅದರ ಮನೆಗೆ ಹೋಯಿತು. ಉಳಿದದ್ದು ಗಂಡನೊಬ್ಬ. ಅವನು ಒಳ್ಳೆಯವನೇ, ಆದರೆ ಬೇಗ ಜ್ವರದಲ್ಲಿ ಹೋದ. ಮಕ್ಕಳಾಗಲಿಲ್ಲ. ಸೌದೆಗೆ ಗುಡ್ಡ ಹತ್ತಿದ್ದಾಗ ಸತ್ತ ತಾಯಿಯ ಪಕ್ಕ ಮುಲುಗುತ್ತಿದ್ದ ಕರಡಿಮರಿಯನ್ನು ಮಡಿಲಿಗೆ ಹಾಕಿಕೊಂಡು ಬಂದಳು. ಲೋಕದಲ್ಲಿ ಅವಳು ಹೆಸರಿಡದ ಜೀವ ಅದೊಂದೇ. ಅದಕ್ಕೆ ಮಾತ್ರ ಒಳ್ಳೆಯ ಹೆಸರಿಟ್ಟಳು.

ಆ ಕಾಲದಲ್ಲಿ ನಮ್ಮ ಸೀಮೆಯ ಶ್ರೀಮಂತರಿಗೆ ಒಂದು ತುರಿಕೆ ಹಿಡಿದಿತ್ತು. ಅರಮನೆ ಕಟ್ಟಲಾಗದವರು ಬೋನು ಕಟ್ಟುತ್ತಿದ್ದರು. ನುಗ್ಗೇಹಳ್ಳಿಯ ತೆಂಗಿನ ತೋಟದಲ್ಲಿ ಜೈನರಾದ ಕೊಬ್ಬರಿ ವ್ಯಾಪಾರಿ ಧನ್ಯಕುಮಾರಯ್ಯನವರದು ಒಂದು, ಹೊಳೆನರಸೀಪುರದಲ್ಲಿ ಜಮೀನ್ದಾರರ ಮಗ ರಂಗಸ್ವಾಮಿಯದು ಇನ್ನೊಂದು. ಮೃಗಗಳ ಆಲಯವೋ ಮೃಗಗಳ ಲಯವೋ ಎಂಬುದನ್ನು ಸಂಧಿ ಬಿಡಿಸುವವರಿಗೇ ಬಿಡೋಣ. ಇಬ್ಬರಲ್ಲೂ ಕರಡಿ ಇರಲಿಲ್ಲ. ಅಮಲ್ದಾರರ ರುಮಾಲಿನ ಸುದ್ದಿ ತಲುಪಿದ್ದೇ ತಡ, ಇಬ್ಬರೂ ಹೇಳಿಕಳಿಸಿದರು.

"ನೋಡ್ದೆ ಕೊಡಕ್ಕಿಲ್ಲ," ಎಂದಳು ಪುಟ್ಟತಾಯಮ್ಮ. "ಎಣ್ಣು ಕೊಡೋರು ನಾವು. ಮನೆ ನೋಡ್ಬೇಕು."

"ಕಾರು ಕಳಿಸ್ತಾರಂತೆ ಅತ್ಗೆ," ಎಂದ ಕೆಂಚಯ್ಯ. "ಊಟಾನೂ ಐತಂತೆ."

ಮೊದಲು ನುಗ್ಗೇಹಳ್ಳಿ. ತೋಟದ ಬಾಗಿಲಿಗೆ 'ಜೀವದಯಾ ಮೃಗೋದ್ಯಾನ' ಎಂಬ ಫಲಕ. ಒಳಗೆ ದಯೆಯು ಪ್ರಾಣಿಗಳ ಮೇಲೆ ಬಿದ್ದು ದಾಳಿ ಮಾಡಿತ್ತು. ಪ್ರತಿ ಬೋನಿಗೂ ಒಂದೊಂದು ನೀತಿ: ಮುಳ್ಳುಹಂದಿಯ ಮೇಲೆ 'ಕ್ಷಮೆ', ನರಿಯ ಮೇಲೆ 'ಸತ್ಯ', ಚಿರತೆಯ ಮೇಲೆ 'ಅಹಿಂಸೆ'. ಚಿರತೆಗೆ ಎರಡು ಹೊತ್ತು ಹಾಲನ್ನ. ಹೊಟ್ಟೆಯೊಂದು ಉಬ್ಬಿ, ಬೋನಿನ ತುಂಬ ಬೋನುಗಳೇ ಕಾಣುತ್ತಿದ್ದವು. ಎರಡನೆಯ ಬೋನನ್ನು ಇಂಗ್ಲಿಷಿನಲ್ಲಿ ಓದಿಕೊಳ್ಳಬೇಕು. ಚಿರತೆ ಕಣ್ಣು ತೆರೆದು ಕೆಂಚಯ್ಯನ ಮೀನಖಂಡವನ್ನು ನೋಡಿತು. ನೋಡುತ್ತಲೇ ಇತ್ತು.

"ಅತ್ಗೇ, ಅದ್ಯಾಕಂಗೆ ನನ್ ಕಾಲೇ ನೋಡ್ತೈತೆ?"

"ಅಬ್ಬದೂಟ ನೋಡ್ದಂಗೆ ನೋಡ್ತೈತೆ ಕಣ. ಈಚೆ ಬಾ."

ಧನ್ಯಕುಮಾರಯ್ಯನವರ ತಾಯಿ ಜಿನಮ್ಮ ಬಾವಿಕಟ್ಟೆಯ ಮೇಲೆ ಕುಳಿತು ಹೂ ಕಟ್ಟುತ್ತಿದ್ದರು. "ಹುಲ್ಲು ತಿನ್ನೋ ಜೀವ ಸಾಕು ಮಗಾ ಅಂದೆ ಕಣಮ್ಮ," ಎಂದರು ಮೆಲ್ಲಗೆ. "ಹಸು ನೋಡೋಕೆ ಯಾರು ಕಾರಲ್ಲಿ ಬರ್ತಾರೆ ಅಂದ."

ಪುಟ್ಟತಾಯಮ್ಮ ನೀರಿನ ತೊಟ್ಟಿಗೆ ಕೈ ಹಾಕಿ ನೋಡಿದಳು, ಮಲಗುವ ಕಲ್ಲನ್ನು ಸವರಿದಳು. ಹೆಸರಿಡುವಂತಿರಲಿಲ್ಲ. ಆಮೇಲೆ ಅಡಿಗೆಯ ವಿಚಾರಕ್ಕೆ ಬಂದಳು.

"ನಮ್ ಚೆಂದುಳ್ಳಿ ಗೆದ್ಲು ತಿಂತಾಳೆ ಸಾವ್ಕಾರ್ರೇ."

ಧನ್ಯಕುಮಾರಯ್ಯನವರು ಕಿವಿ ಮುಚ್ಚಿಕೊಂಡರು. "ಶಿವಶಿವಾ ಅನ್ನೋ ನೀವೇ ಹೀಗಂದರೆ! ಒಂದು ಹುತ್ತ ಅಂದರೆ ಎಷ್ಟು ಜೀವ ಗೊತ್ತೇನಮ್ಮ?"

"ಓಗ್ಲಿ, ಜೇನು?"

"ಜೇನೂ ನಮ್ಮಲ್ಲಿ ನಿಷಿದ್ಧ. ಖರ್ಜೂರ ಕೊಡ್ತೀವಿ, ಕಲ್ಲುಸಕ್ಕರೆ ಕೊಡ್ತೀವಿ. ಸ್ವಲ್ಪ ದಿನದಲ್ಲಿ ಅದರ ಸ್ವಭಾವವೇ ತಿದ್ದಿಕೊಳ್ಳುತ್ತೆ."

"ಸೊಭಾವ ತಿದ್ಕೊಂಡ್ಮೇಕೆ ಅದು ಕರಡಿ ಎಂಗಾಯ್ತದೆ? ಕಂಬ್ಳಿ ಒದ್ದ ಪೂಜಾರಪ್ಪ ಆಯ್ತದೆ."

ಎಲೆ ಹಾಕಿದ್ದರು. ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿತ್ತು. ಪುಟ್ಟತಾಯಮ್ಮ ಎದ್ದಳು. ಕೆಂಚಯ್ಯ ಎಲೆಯನ್ನು ಹೆಣ ನೋಡುವಂತೆ ನೋಡಿ ಹಿಂದೆ ಹೊರಟ. "ಕರಡಿಗೆ ಬ್ಯಾಡ ಅಂದ್ರೆ ನಂಗೂ ಬ್ಯಾಡ್ವಾ?" ಎಂಬ ಪ್ರಶ್ನೆಯನ್ನು ಚನ್ನರಾಯಪಟ್ಟಣ ದಾಟುವವರೆಗೂ ಅವನು ಬಿಡಲಿಲ್ಲ.

ಮರುವಾರ ಹೊಳೆನರಸೀಪುರ. ರಂಗಸ್ವಾಮಿ ಲಂಡನ್ನಿಗೆ ಬ್ಯಾರಿಸ್ಟರಾಗಲು ಹೋಗಿ ಬ್ಯಾರೆ ಏನೂ ಆಗದೆ ಹ್ಯಾಟು ಹಾಕಿಕೊಂಡು ಮರಳಿದವನು. ಹೇಮಾವತಿಯ ದಡದಲ್ಲಿ ಅವನ 'ಏಷ್ಯಾಟಿಕ್ ಜೂ'. ನುಗ್ಗೇಹಳ್ಳಿಯಲ್ಲಿ ಪ್ರಾಣಿಗಳಿಗೆ ನೀತಿ ಹೇಳುತ್ತಿದ್ದರೆ ಇಲ್ಲಿ ಅವುಗಳಿಗೆ ಲ್ಯಾಟಿನ್ ಹೇಳುತ್ತಿದ್ದರು. ಹುಲಿಗೆಂದು ಸಿಮೆಂಟಿನ ಗುಹೆ ಕಟ್ಟಿಸಿ 'ಬಂಗಾಳದ ಹುಲಿ' ಎಂದು ಬರೆಸಿಯಾಗಿತ್ತು, ಹುಲಿ ಸಿಕ್ಕಿರಲಿಲ್ಲ. ಬೋರ್ಡು ದಂಡವಾಗಬಾರದೆಂದು ಒಳಗೆ ಎರಡು ಜಿಂಕೆ ಬಿಟ್ಟಿದ್ದರು. ಓದಲು ಬಾರದ್ದರಿಂದ ಅವು ನೆಮ್ಮದಿಯಾಗಿದ್ದವು.

ಪುಟ್ಟತಾಯಮ್ಮ ಮುಂದಿನ ಬೋರ್ಡು ತೋರಿಸಿದಳು. "ಇದೇನ್ ಬರ್ದೈತೆ ಸಾ?"

"ಏಷ್ಯಾದ ನೀರುನಾಯಿ."

"ಏಸ್ಯಾ ಯಾವ ತಾಲ್ಲೂಕು?"

"ನಾವಿರೋದೇ ಏಷ್ಯಾ ಕಣಮ್ಮ."

"ಅಂಗಾರೆ ನಾವೂ ಬೋಲ್ಡ್ ನೇತಾಕ್ಕೋಬೇಕಾ?"

ನೀರುನಾಯಿಗಳು ಒಣ ಸಿಮೆಂಟು ತೊಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಗೋಡೆಯಾಚೆ ಹೊಳೆ ಹರಿಯುವ ಸದ್ದು ಕೇಳುತ್ತಿತ್ತು, ಅವೂ ಕೇಳುತ್ತಿದ್ದವು.

"ಒಳೆ ಅಲ್ಲೇ ಐತಲ್ಲ ಸಾ."

"ಹೊಳೆಯಲ್ಲಿ ಬಿಟ್ಟರೆ ಪಬ್ಲಿಕ್ಕಿಗೆ ಹೇಗೆ ಕಾಣುತ್ತೆ?"

ಕರಡಿಗೆಂದು ಒಂದು ಗುಂಡಿ ಸಿದ್ಧವಾಗಿತ್ತು. ನಡುವೆ ಒಂದು ಕಂಬ. ಲಂಡನ್ನಿನಲ್ಲಿ ಜನ ಕರಡಿಗೆ ಬನ್ನು ಎಸೆಯುತ್ತಾರೆಂದೂ, ಕರಡಿ ಕಂಬ ಹತ್ತಿ ಹಿಡಿಯುತ್ತದೆಂದೂ ರಂಗಸ್ವಾಮಿ ವಿವರಿಸಿದ.

"ಅತ್ತದಿದ್ರೆ?"

"ಹತ್ತೋವರೆಗೂ ಬನ್ನಿಲ್ಲ."

"ಗೆದ್ಲು?"

"ಗೆದ್ದಲಾ!" ರಂಗಸ್ವಾಮಿ ಹೆಮ್ಮೆಯಿಂದ ನೆಲಕ್ಕೆ ಬೂಟು ಕುಟ್ಟಿದ. "ಎಲ್ಲಾ ಸಿಮೆಂಟು ಕಣಮ್ಮ. ಒಂದು ಗೆದ್ದಲು ಬರಲಿ ನೋಡೋಣ!"

ಒಬ್ಬರಿಗೆ ಗೆದ್ದಲು ಸಾಯಬಾರದು, ಇನ್ನೊಬ್ಬರಿಗೆ ಗೆದ್ದಲು ಹುಟ್ಟಲೇಬಾರದು. ಕರಡಿಯ ಹೊಟ್ಟೆಗೆ ಎರಡೂ ಒಂದೇ. ಇಲ್ಲಿ ಎಲೆಯ ಮೇಲೆ ಮುದ್ದೆ, ನಾಟಿ ಕೋಳಿ ಸಾರು. ಪುಟ್ಟತಾಯಮ್ಮ ಎದ್ದಳು. ಕೆಂಚಯ್ಯನ ಕಣ್ಣಲ್ಲಿ ನೀರು ಬಂದದ್ದು ಸಾರಿನ ಖಾರಕ್ಕಲ್ಲ, ಅವನು ಅದನ್ನು ಮುಟ್ಟಿರಲಿಲ್ಲ.

ಅಮಾವಾಸ್ಯೆ ಹತ್ತಿರವಾಯಿತು. ಬೇಡ ಎನ್ನುವುದು ಪುಟ್ಟತಾಯಮ್ಮನಿಗೆ ಉಸಿರಾಡಿದಷ್ಟು ಸಲೀಸು. ಎಷ್ಟೋ ಹುಡುಗಿಯರ ಪಾಲಿಗೆ ಆ ಒಂದು ಮಾತಿನಿಂದ ಮನೆಗಳು ತಪ್ಪಿದ್ದವು. ಅವರಿಗೆ ಬೇರೆ ಮನೆಗಳು ಇದ್ದವು. ಇಲ್ಲಿ ಇದ್ದದ್ದೇ ಎರಡು, ಮೂರನೆಯದು ಬಂದೂಕು.

ಸಂಜೆ ಗುಡ್ಡದ ಬುಡದಲ್ಲಿ ಚೆಂದುಳ್ಳಿ ಹುತ್ತ ಕೆದಕಿ, ಮೂತಿ ತೂರಿಸಿ, ಕುಲುಮೆಯ ತಿದಿ ಒತ್ತಿದಂತೆ ಸದ್ದು ಮಾಡುತ್ತ ಗೆದ್ದಲು ಹೀರುತ್ತಿತ್ತು. ಪುಟ್ಟತಾಯಮ್ಮ ಕಲ್ಲಿನ ಮೇಲೆ ಕುಳಿತಿದ್ದಳು.

"ಕಾಡ್ಗೆ ಬುಟ್ಬುಡು ಅತ್ಗೆ," ಎಂದ ಕೆಂಚಯ್ಯ. "ಯಾರ್ ಕೇಳ್ತಾರೆ?"

"ಬುಟ್ಟಿದ್ನಲ್ಲಾ ಮೊನ್ನೆ. ನಾನು ಮನೆ ಸೇರೋ ಒತ್ಗೆ ಅದೇ ಬಾಗ್ಲಲ್ ಕುಂತಿತ್ತು. ಬಂದೂಕ್ದೋನ್ ಬಂದ್ರೂ ಇದು ಅವ್ನ ಜೇಬಿಗೇ ಕೈ ಆಕ್ತದೆ ಕಣ್ಲಾ."

ಅತ್ತಿಗೆ ಸೆರಗಿನಲ್ಲಿ ಮೂಗೊರೆಸಿಕೊಂಡದ್ದನ್ನು ಕೆಂಚಯ್ಯ ಮೊದಲ ಸಲ ನೋಡಿದ.

ಅಮಾವಾಸ್ಯೆಯ ಹಿಂದಿನ ದಿನ ಹಾಸನದ ಕಚೇರಿಯಲ್ಲಿ ಇಬ್ಬರು ಮೃಗಪತಿಗಳೂ ಹಾಜರಾದರು. ಧನ್ಯಕುಮಾರಯ್ಯನವರು ಖರ್ಜೂರದ ಬುಟ್ಟಿ ತಂದಿದ್ದರು, ರಂಗಸ್ವಾಮಿ ಕರಡಿಯ ಬೋರ್ಡನ್ನೇ ಬರೆಸಿ ತಂದಿದ್ದ. ಅಮಲ್ದಾರರು ಹೊಸ ರುಮಾಲು ಸುತ್ತಿ, ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕುಳಿತಿದ್ದರು.

"ಹೇಳಮ್ಮ. ಎಲ್ಲಿಗೆ ಕೊಡ್ತೀಯ?"

ಪುಟ್ಟತಾಯಮ್ಮ ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ, ಹಂಡೆಯ ತಳ ನೋಡುವಂತೆ ನೋಡಿದಳು.

"ಒಳೆನರಸೀಪುರಕ್ಕೆ."

ರಂಗಸ್ವಾಮಿ ಹ್ಯಾಟು ತೆಗೆದು ಎದೆಗೊತ್ತಿಕೊಂಡ. "ಸೈಂಟಿಫಿಕ್ ಮೆಥಡ್ಡು ಸಾರ್! ಹಳ್ಳಿಯವರಿಗೂ ಅರ್ಥವಾಗುತ್ತೆ."

"ಕಂಬ, ಬನ್ನು ಎಂಬ ಆಡಂಬರಕ್ಕೆ ಮರುಳಾದಳು," ಎಂದರು ಧನ್ಯಕುಮಾರಯ್ಯನವರು, ನಿಟ್ಟುಸಿರು ಬಿಟ್ಟು. "ನಮ್ಮಲ್ಲಿ ದಯೆ ಇತ್ತು."

"ಆಕೆ ಮೆಚ್ಚಿಕೊಂಡದ್ದು ಏಷ್ಯಾದಲ್ಲೇ ಮೊದಲನೇ ಬೇರ್ ಪಿಟ್ಟು ಸ್ವಾಮಿ!"

"ನಿಮ್ಮ ಗುಂಡಿಯೇ?"

ಅಮಲ್ದಾರರು ಇಬ್ಬರನ್ನೂ ಕೈಯೆತ್ತಿ ತಡೆದರು. ಅವರಿಗೆ ನಿಜವಾಗಿಯೂ ಕುತೂಹಲವಿತ್ತು. "ಎರಡು ಕಡೆಯೂ ಎಲೆ ಬಿಟ್ಟು ಎದ್ದೆಯಂತಲ್ಲಮ್ಮ, ಕೇಳಿದೆ. ಇಷ್ಟು ಮನೆ ನೋಡಿದವಳು ನೀನು. ಈಗ ಯಾವ ಗುಣ ನೋಡಿ ಇದನ್ನ ಒಪ್ಪಿದೆ?"

ಕಚೇರಿ ಕಿವಿಯಾಯಿತು. ರಂಗಸ್ವಾಮಿ ಬೋರ್ಡನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದ.

"ಗುಣ ಎಲ್ಲಿ ಬಂತು ಸಾ," ಎಂದಳು ಪುಟ್ಟತಾಯಮ್ಮ. "ಒಂದು ಕುಡ್ಕೆ ಗೆದ್ಲು ತಕ್ಕಂಡು ಬೆಳಿಗ್ಗೆ ಒಂಟ್ರೆ ಮಗೀಗೆ ತಿನ್ಸಿ ಸಂಜೀಕೆ ಮನೆ ಸೇರ್ಬೋದು. ನುಗ್ಗೇಹಳ್ಳಿಗಾದ್ರೆ ಎಲ್ಡು ಬಸ್ ಅತ್ತಿಳೀಬೇಕು."